ಅಂಕಪಟ್ಟಿಯನ್ನು ಓದಲು ಕಲಿತ ಬಗೆ

2023ರ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ಇಳಕಲ್ಲಿನ ನಮ್ಮ ಮನೆಯಲ್ಲಿ ಹಬ್ಬದ ಸಡಗರ. ಮೊಮ್ಮಗಳಿಗೆ ಕನ್ನಡದಲ್ಲಿ 100 ಅಂಕ ಬಂದಿದ್ದವು. ‘ಕೂಸಿಗೆ ನೂರಕ್ಕೆ ನೂರು’ ಎಂದು ಬಾದಾಮಿಯ ಬೀಗರಿಗೂ ಹುನಗುಂದದ ತಂಗಿಯ ಮನೆಗೂ ದೂರವಾಣಿಯಲ್ಲಿ ತಿಳಿಸಿದೆವು. ಮರುಕ್ಷಣವೇ ಗಣಿತದ 74 ಅಂಕಗಳನ್ನು ಕಂಡು, ಬಾಗಲಕೋಟೆಯಲ್ಲಿರುವ ಅವಳ ಸೋದರತ್ತೆಯ ಮಗನ ಹೆಸರೆತ್ತಿ ಗದರಿದೆವು. ಮಗು ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡಿತು.

ರಾತ್ರಿ ಪ್ರಸಾದಕ್ಕೆ ಕುಳಿತಾಗ ಮೆಲ್ಲನೆ ನುಡಿಯಿತು: “ಅಜ್ಜಾ, ಕನ್ನಡದಾಗ ನೂರಕ್ಕ ನೂರಲ್ಲರಿ. ನೂರಾ ಇಪ್ಪತ್ತೈದಕ್ಕ ನೂರು.”

ನಮಗೆ ನಾಚಿಕೆಯಾಯಿತು. ಅಂಕಪಟ್ಟಿ ಕೈಸೇರಿದ ಮೇಲೆ ಅವಳನ್ನೇ ಗುರುವಾಗಿಸಿಕೊಂಡು ಲೆಕ್ಕಕ್ಕೆ ಕುಳಿತೆವು. ಆ ವರ್ಷದ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಕನ್ನಡದ 100 ಎಂದರೆ ಶೇಕಡಾ 80. ನಾವು ಗಮನಿಸದೆ ಬಿಟ್ಟ ಹಿಂದಿಯ 87 ಅದಕ್ಕಿಂತ ಮೇಲು! ಒಟ್ಟು 500 ಬಂದಿದ್ದವು. ಅದೂ ಶೇಕಡಾ 80, ‘ಎ’ ಶ್ರೇಣಿ. ಒಂದೇ ಅಂಕ ಕಡಿಮೆಯಾಗಿದ್ದರೆ ‘ಬಿ ಪ್ಲಸ್’ ಆಗುತ್ತಿತ್ತು. ಒಂದು ಅಂಕದಿಂದ ಅಕ್ಷರ ಬದಲಾದೀತು, ಮಗುವಿನ ತಿಳಿವಳಿಕೆ ಬದಲಾಗುವುದೇ?

ಗಣಿತದ 74ರಲ್ಲಿ ಶಾಲೆಯ ಆಂತರಿಕ ಮೌಲ್ಯಮಾಪನದ 20ಕ್ಕೆ 20 ಸೇರಿದ್ದವು. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 54. ಅಂದರೆ ಬರವಣಿಗೆಯಲ್ಲಿ ದೊರೆತದ್ದು ಶೇಕಡಾ 67.5 ಮಾತ್ರ. ‘ಎಲ್ಲಿ ತಪ್ಪಿತು, ತಾಯಿ?’ ಎಂದು ಮೊದಲ ಬಾರಿಗೆ ಕೇಳಿದೆವು. ರೇಖಾಗಣಿತದ ಪ್ರಮೇಯಗಳು ಒಂಬತ್ತನೆಯ ತರಗತಿಯಿಂದಲೇ ತಿಳಿದಿರಲಿಲ್ಲವೆಂದೂ, ಹೇಳಿದರೆ ನಾವು ಮತ್ತೊಬ್ಬರೊಂದಿಗೆ ಹೋಲಿಸುವೆವೆಂದು ಅಂಜಿದ್ದಳೆಂದೂ ಕಣ್ಣೀರಿನೊಂದಿಗೆ ಹೇಳಿದಳು. ಎರಡು ವರ್ಷ ಆ ಮಗು ಭಯವನ್ನು ಒಬ್ಬಳೇ ಹೊತ್ತಿದ್ದಳು. ನಾವು ಪ್ರತಿ ಕಿರುಪರೀಕ್ಷೆಯ ನಂತರವೂ ‘ಎಷ್ಟು ಬಂತು?’ ಎಂದೆವೇ ಹೊರತು ‘ಏನು ತಿಳಿಯಲಿಲ್ಲ?’ ಎನ್ನಲಿಲ್ಲ.

ನಮ್ಮೂರಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಬಂದು ಬೇಡುತ್ತಿದ್ದುದು ಕಾಳುಕಡಿಗಳನ್ನಲ್ಲ, ದುಶ್ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಕುಡಿತ, ತಂಬಾಕುಗಳಿಲ್ಲದ ನಮ್ಮ ಮನೆಯಿಂದ ಆ ಜೋಳಿಗೆಗೆ ಹಾಕಲು ಏನೂ ಇಲ್ಲವೆಂದು ಹೆಮ್ಮೆಪಡುತ್ತಿದ್ದೆವು. ಮಕ್ಕಳನ್ನು ಹೋಲಿಸಿ ನೋಯಿಸುವ ಚಟ ಮನೆಯಲ್ಲೇ ಇತ್ತು. ಅದನ್ನು ಅಂದು ಮನಸ್ಸಿನಲ್ಲೇ ಆ ಜೋಳಿಗೆಗೆ ಅರ್ಪಿಸಿದೆವು.

ಈಗ ಮನೆಯ ಕಿರಿಯ ಮಕ್ಕಳು ಉತ್ತರಪತ್ರಿಕೆ ತಂದರೆ, ಮೊದಲು ತಪ್ಪಾದ ಪ್ರಶ್ನೆಯನ್ನು ಜೊತೆಗೂಡಿ ಓದುತ್ತೇವೆ. ಅಂಕವನ್ನು ಕೊನೆಗೆ ನೋಡುತ್ತೇವೆ.