ಮಾರುವೇಷದ ಪೊಲೀಸನಿಗಾಗಿ ಊರೇ ಉಸಿರು ಬಿಗಿಹಿಡಿದಾಗ

ಕಳ್ಳರ ಗುಂಪಿನಲ್ಲಿ ಕಳ್ಳನಾಗಿ ಸೇರಿಕೊಂಡ ಪೊಲೀಸನ ಕಥೆಯನ್ನು ಈಗ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ ನೋಡಬಹುದು. ಕುಷ್ಟಗಿಯ ಬಸ್‌ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕೂತ ಹುಡುಗ ಕಿವಿಗೆ ಇಯರ್‌ಫೋನ್‌ ಸಿಕ್ಕಿಸಿಕೊಂಡು ಅಂಗೈಯಗಲದ ತೆರೆಯಲ್ಲಿ ಹಾಂಗ್‌ಕಾಂಗಿನ ಸಿನಿಮಾ ನೋಡುತ್ತಿರುತ್ತಾನೆ. ಅಲ್ಲಿ ಒಬ್ಬನ ಗುಟ್ಟು ಬಯಲಾಗಿ ಜೀವ ಹೋಗುವ ಹೊತ್ತು. ಪಕ್ಕದಲ್ಲಿ ಕೂತ ಅಜ್ಜಿಗೆ ಅದರ ಸುಳಿವೇ ಇಲ್ಲ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ತೆರೆಯ ಮೇಲೆ ಪೊಲೀಸನೊಬ್ಬ ಮಾರುವೇಷ ಹಾಕಿದರೆ ಅದು ಇಡೀ ಊರಿಗೆ ಗೊತ್ತಿರುತ್ತಿತ್ತು. ಗೊತ್ತಿಲ್ಲದವರೆಂದರೆ ಕಳ್ಳರು ಮಾತ್ರ.

ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಅದು ಜಿಲ್ಲೆಯಾಗಿದ್ದು 1997ರಲ್ಲಿ. ನಮ್ಮ ಯಲಬುರ್ಗಾ ಸೀಮೆಯ ಎರಿಹೊಲಗಳಲ್ಲಿ ಸುಗ್ಗಿ ಮುಗಿದು, ಜೋಳದ ರಾಶಿ ಮನೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಸರಿಯಾಗಿ ಟೂರಿಂಗ್‌ ಟಾಕೀಸು ಬರುತ್ತಿತ್ತು. ಊರ ಹೊರಗಿನ ಬಯಲಲ್ಲಿ ಗಳ ನೆಟ್ಟು ಟೆಂಟು ಎಳೆದರೆಂದರೆ ಸಾಲಿ ಹುಡುಗರ ಲಕ್ಷ್ಯವೆಲ್ಲ ಅಲ್ಲೇ. ಬಂಡಿಗೆ ಎರಡೂ ಕಡೆ ಪೋಸ್ಟರ್‌ ಹಲಗೆ ಕಟ್ಟಿ, ಮೈಕಿನಲ್ಲಿ ಕೂಗುತ್ತ, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲು ತೂರುತ್ತ ಬರುವವನ ಹಿಂದೆ ನಾವು ಧೂಳೆಬ್ಬಿಸಿ ಓಡುತ್ತಿದ್ದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಟೆಂಟಿನ ಮೈಕಿನಲ್ಲಿ ಭಕ್ತಿಗೀತೆ ಶುರುವಾದರೆ ಅದೇ ಕರೆ. ಅವ್ವ ರೊಟ್ಟಿ ಬಡಿಯುವುದನ್ನು ಬಿರುಸು ಮಾಡುತ್ತಿದ್ದಳು. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು, ಕುರ್ಚಿಗೆ ಒಂದು. ನೆಲದಲ್ಲಿ ಕೂರುವವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಹೊರಗೆ ಮಿರ್ಚಿ ಕರಿಯುವ ಎಣ್ಣೆಯ ವಾಸನೆ, ಹುರಿದ ಶೇಂಗಾ, ಗೋಲಿ ಸೋಡಾದ ಚೀತ್ಕಾರ.

ಆ ಟೆಂಟಿನಲ್ಲಿ ನಾನು ಕಂಡ ಸಿನಿಮಾಗಳಲ್ಲಿ ಇಂದಿಗೂ ಮೈ ಜುಮ್ಮೆನ್ನಿಸುವುದು ‘ಅಂತ’. ಎಚ್‌.ಕೆ. ಅನಂತರಾವ್‌ ಅವರ ಕಾದಂಬರಿ ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1981ರಲ್ಲಿ ಎಸ್‌.ವಿ. ರಾಜೇಂದ್ರಸಿಂಗ್‌ ಬಾಬು ಅವರ ಕೈಯಲ್ಲಿ ಸಿನಿಮಾ ಆಯಿತು. ಇನ್‌ಸ್ಪೆಕ್ಟರ್‌ ಸುಶೀಲ್‌ ಕುಮಾರ್‌ ಮತ್ತು ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್‌, ಎರಡೂ ಅಂಬರೀಷ್‌. ಕನ್ವರ್‌ಲಾಲ್‌ನ ಜಾಗದಲ್ಲಿ ಇನ್‌ಸ್ಪೆಕ್ಟರ್‌ ಪಾತಕಿಗಳ ಕೋಟೆಯೊಳಗೆ ಹೋಗುತ್ತಾನೆ. ಒಳಗೆ ನೋಡಿದರೆ ದಂಧೆಯ ಹಿಂದಿರುವವರು ಸಮಾಜದ ದೊಡ್ಡ ದೊಡ್ಡ ಮನುಷ್ಯರೇ. ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ಊರೂರು ತಿರುಗಿ, ಮೈತುಂಬ ಗೀರು ಬಿದ್ದ ಮೇಲೆ ಆ ರೀಲು ನಮ್ಮೂರಿಗೆ ಬಂತು. ತಡವಾಯಿತೆಂದು ಯಾರಿಗೂ ಅನ್ನಿಸಲಿಲ್ಲ. ನಮ್ಮೂರಿಗೆ ಬಂದ ದಿನವೇ ನಮಗೆ ಬಿಡುಗಡೆಯ ದಿನ.

ನಮ್ಮ ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್‌. ಒಂದು ರೀಲು ಮುಗಿದರೆ ದೀಪ ಹತ್ತಬೇಕು, ಆಪರೇಟರ್‌ ಮುಂದಿನ ರೀಲು ಏರಿಸಬೇಕು, ಮತ್ತೆ ದೀಪ ಆರಬೇಕು. ಆ ಸಣ್ಣ ಬಿಡುವನ್ನು ನೆನೆದರೆ ಈಗಲೂ ಕರುಳು ಚುರ್‌ ಎನ್ನುತ್ತದೆ. ಇನ್‌ಸ್ಪೆಕ್ಟರ್‌ ಸಿಕ್ಕಿಬೀಳುವ ಹೊತ್ತಿಗೆ ರೀಲು ಮುಗಿಯಿತೆನ್ನಿ, ಇಡೀ ಟೆಂಟು ಪಂಚಾಯಿತಿ ಕಟ್ಟೆಯಾಗುತ್ತಿತ್ತು. ‘ಅಂವಗ ಗುರ್ತ ಸಿಕ್ಕೈತಿ ನೋಡ’ ಅಂತ ಒಬ್ಬ, ‘ಸಿಕ್ಕಿಲ್ಲ ಬಿಡಪಾ, ಸುಮ್ನ ಪರೀಕ್ಷಾ ಮಾಡಾಕತ್ಯಾನ’ ಅಂತ ಇನ್ನೊಬ್ಬ. ಹಗಲು ಹೊಲದ ಬದುವಿಗಾಗಿ ಜಗಳಾಡಿ ಮುಖ ತಿರುವಿಕೊಂಡವರು ಕೂಡ ಆ ಪೊಲೀಸನ ಜೀವದ ವಿಷಯಕ್ಕೆ ಬಂದರೆ ಒಂದೇ ಕಡೆ. ಹೆಂಗಸರ ಕಡೆಯಿಂದ ಯಾರೋ ಕೂಗುತ್ತಿದ್ದರು, ‘ಒಳಗ ಹೋಗಬ್ಯಾಡೋ ನಮ್ಮಪ್ಪಾ, ಅಲ್ಲಿ ಅದಾರ ಅವರು!’ ಯಾರೂ ನಗುತ್ತಿರಲಿಲ್ಲ. ಅವನಿಗೆ ಚಿತ್ರಹಿಂಸೆ ಕೊಡುವ ದೃಶ್ಯ ಬಂದಾಗ ಅವ್ವಂದಿರು ಮಕ್ಕಳ ಮುಖವನ್ನು ಸೆರಗಿನೊಳಗೆ ಒತ್ತಿಕೊಂಡರು. ಬೀಡಿ ಸೇದುವವರು ಬೀಡಿ ಮರೆತರು. ಮರುದಿನ ಬಾವಿಕಟ್ಟೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಸಂತೆಯಲ್ಲಿ ಅದೇ ಮಾತು.

ವೇಷ ಮರೆಸಿ ಬರುವವನ ಮೇಲಿನ ಈ ಅಕ್ಕರೆ ಸಿನಿಮಾದಿಂದ ಹುಟ್ಟಿದ್ದೂ ಅಲ್ಲ. ಹಗಲುವೇಷದವರು ಊರಿಗೆ ಬಂದು ದಿನಕ್ಕೊಂದು ವೇಷ ಕಟ್ಟಿ ಬೀದಿಯಲ್ಲಿ ನಡೆದರೆ, ಅಂಗಡಿ ಸಾಹುಕಾರ ಕೂಡ ಒಂದು ಗಳಿಗೆ ನಂಬಿ ಎದ್ದು ನಿಲ್ಲುತ್ತಿದ್ದ ಸೀಮೆ ಇದು. ಆಮೇಲೆ ಎನ್‌. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮ ಬಂದ, 1968ರಲ್ಲಿ ‘ಜೇಡರ ಬಲೆ’ಯಿಂದ ಶುರುವಾಗಿ ರಾಜ್‌ಕುಮಾರ್‌ ಸಿ.ಐ.ಡಿ. 999 ಆಗಿ ಬಂದರು. 1988ರಲ್ಲಿ ಎಚ್‌.ಟಿ. ಸಾಂಗ್ಲಿಯಾನ ಎಂಬ ನಿಜವಾದ ಪೊಲೀಸ್‌ ಅಧಿಕಾರಿಯ ಹೆಸರು ಹೊತ್ತು ಶಂಕರ್‌ನಾಗ್‌ ‘ಸಾಂಗ್ಲಿಯಾನ’ ಆದರು. ಎರಡೇ ವರ್ಷ. 1990ರ ಸೆಪ್ಟೆಂಬರ್‌ 30ರಂದು ಲೋಕಾಪುರದ ಚಿತ್ರೀಕರಣಕ್ಕೆಂದು ನಮ್ಮ ಕಡೆಗೇ ಹೊರಟಿದ್ದ ಅವರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕು ತೀರಿಕೊಂಡರು. ಅವರ ಚಿತ್ರ ಬರೆಸಿಕೊಂಡ ಆಟೊಗಳು ಇವತ್ತಿಗೂ ಓಡಾಡುತ್ತವೆ.

ಹಾಂಗ್‌ಕಾಂಗ್‌ ನಮಗೆ ಪರಿಚಯವಾದದ್ದು ಗಂಗಾವತಿಯಲ್ಲಿ. ತುಂಗಭದ್ರೆಯ ಕಾಲುವೆ ಬಂದು, ಆಂಧ್ರದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು, ಭತ್ತದ ಜೊತೆ ತೆಲುಗು ಸಿನಿಮಾವೂ ಬೆಳೆದ ಊರು ಅದು. ಅಲ್ಲಿನ ಟಾಕೀಸಿನಲ್ಲಿ, ಆಮೇಲೆ ವಿಡಿಯೋ ಹಾಲಿನಲ್ಲಿ ನಾವು ‘ಕರಾಟೆ ಪಿಚ್ಚರ್’ ನೋಡಿದೆವು. ಕನ್ನಡಕ್ಕೆ ಡಬ್ಬಿಂಗ್‌ ಬೇಡವೆಂಬ ಕಟ್ಟುಪಾಡು ಇದ್ದ ಕಾಲ. ಬ್ರೂಸ್‌ ಲೀ ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡಲೇ ಇಲ್ಲ. ಅವನ ಪರವಾಗಿ ಮಾತಾಡುತ್ತಿದ್ದವನು ನಮ್ಮ ಸೋದರಮಾವ. ಮ್ಯಾಟ್ರಿಕ್‌ ನಪಾಸಾಗಿದ್ದರೂ ಇಂಗ್ಲಿಷು ಬರುತ್ತದೆಂಬ ಹೆಸರಿತ್ತು. ‘ಮಾಮಾ, ಏನಂತಾನ ಅಂವ?’ ಎಂದು ಕೇಳಿದರೆ, ‘ಸರಕಾರದ ಮನಷ್ಯಾ ಅದಾನ, ದ್ವೀಪದಾಗ ಅಫೀಮಿನ ಧಂದೆ ನಡದೈತಿ, ಹಿಡ್ಯಾಕ ಬಂದಾನ’ ಎಂದು ಗಟ್ಟಿಯಾಗಿ ಹೇಳುವನು. ಹಿಂದೆ ಮುಂದೆ ಕೂತ ಅಪರಿಚಿತರೂ ಅವನ ಕಥೆಗೆ ಕಿವಿ ಕೊಡುತ್ತಿದ್ದರು. 1973ರ ‘ಎಂಟರ್‌ ದ ಡ್ರ್ಯಾಗನ್‌’ ನಿಜಕ್ಕೂ ಅದೇ ಕಥೆ, ಗುಪ್ತಚರನಾಗಿ ದ್ವೀಪಕ್ಕೆ ಹೋಗಿ ಮಾದಕವಸ್ತುವಿನ ದೊರೆಯನ್ನು ಬಗ್ಗುಬಡಿಯುವ ಕಥೆ. ಅದು ತೆರೆಕಾಣುವ ಮೊದಲೇ ಬ್ರೂಸ್‌ ಲೀ ತೀರಿಕೊಂಡಿದ್ದ. ನಮ್ಮ ಮಾವ ಈ ಸುದ್ದಿ ಹೇಳಿದ ದಿನ ನಾವು ಹುಡುಗರೆಲ್ಲ ಮನೆಯವರು ಸತ್ತಷ್ಟು ಅತ್ತಿದ್ದೆವು.

ಮುಂದೊಂದು ದಿನ ಹಾಂಗ್‌ಕಾಂಗೇ ನಮ್ಮ ಹೊಳೆದಂಡೆಗೆ ಬಂತು. 2005ರಲ್ಲಿ ತೆರೆಕಂಡ ‘ದ ಮಿಥ್‌’ ಸಿನಿಮಾಕ್ಕಾಗಿ ಜಾಕಿ ಚಾನ್‌ ಹಂಪಿಗೆ ಬಂದು ಹೋದರು. ಆನೆಗೊಂದಿಯಿಂದ ಹರಿಗೋಲು ಹತ್ತಿದರೆ ಆಚೆ ದಡವೇ ಹಂಪಿ. ಆದರೆ ಅಷ್ಟು ಹೊತ್ತಿಗೆ ನಮ್ಮ ಟೆಂಟು ಇರಲಿಲ್ಲ. ಮನೆಮನೆಗೆ ಟಿ.ವಿ. ಬಂದಿತ್ತು, ಕೇಬಲ್‌ ಬಂದಿತ್ತು. ಆಮೇಲೆ ಪಟ್ಟಣದ ಟಾಕೀಸುಗಳ ಸರದಿ. ರೀಲಿನ ಡಬ್ಬಿ ಬಸ್ಸಿನ ಮೇಲೆ ಬರುವುದು ನಿಂತು, ಸಿನಿಮಾ ಉಪಗ್ರಹದಿಂದ ಇಳಿಯತೊಡಗಿತು. ರೀಲು ಜೋಡಿಸುವ ಕೈಗಳಿಗೆ ಕೆಲಸವಿಲ್ಲದಾಯಿತು. ಕೊರೊನಾ ಬಂದು ಬಾಗಿಲು ಹಾಕಿಸಿದ್ದನ್ನು ಎಷ್ಟೋ ಟಾಕೀಸುಗಳು ಮತ್ತೆ ತೆಗೆಯಲೇ ಇಲ್ಲ. ಒಂದು ಕಲ್ಯಾಣ ಮಂಟಪವಾಯಿತು, ಇನ್ನೊಂದು ಗೋದಾಮು.

ಈಚೆಗೆ ಮನೆಯಲ್ಲಿ ಕೂತು ‘ಪ್ರೊಟೀಜಿ’ ಎಂಬ ಹಾಂಗ್‌ಕಾಂಗ್‌ ಸಿನಿಮಾ ನೋಡಿದೆ. 2007ರದು, ಡೆರೆಕ್‌ ಯೀ ನಿರ್ದೇಶನ. ಹೆರಾಯಿನ್‌ ದೊರೆಯಾಗಿ ಆ್ಯಂಡಿ ಲೌ, ಅವನ ಬಲಗೈಯಾಗಿ ವರ್ಷಗಟ್ಟಲೆ ಒಳಗೇ ಬದುಕುವ ಪೊಲೀಸನಾಗಿ ಡೇನಿಯಲ್‌ ವು. ಕ್ಯಾಂಟನೀಸ್‌ ಮಾತು, ಕೆಳಗೆ ಅಕ್ಷರ. ಮಾವನ ಹಂಗಿಲ್ಲದೆ ಪ್ರತಿಯೊಂದು ಮಾತೂ ಅರ್ಥವಾಯಿತು. ಒಳ್ಳೆಯ ಸಿನಿಮಾ. ಚಟಕ್ಕೆ ಬಿದ್ದ ತಾಯಿ ಮತ್ತು ಅವಳ ಪುಟ್ಟ ಮಗುವನ್ನು ನೋಡುತ್ತ ಎದೆ ಒಡೆಯಿತು. ಮಾದಕವಸ್ತು ನಮಗೆ ಆಗ ತೆರೆಯ ಮೇಲಿನ ದೂರದ ದ್ವೀಪದ ಮಾತಾಗಿತ್ತು. ಅದರ ಈಗಿನ ಕೇಂದ್ರ ಕಾಯ್ದೆ ಬಂದದ್ದೇ 1985ರಲ್ಲಿ. ಈಗ ಪತ್ರಿಕೆಯ ಜಿಲ್ಲಾ ಪುಟ ತೆರೆದರೆ ಗಾಂಜಾ ಸುದ್ದಿ ಇರುತ್ತದೆ. ಎದೆ ಒಡೆದದ್ದನ್ನು ಹೇಳಿಕೊಳ್ಳೋಣವೆಂದರೆ ಪಕ್ಕದಲ್ಲಿ ಯಾರಿದ್ದಾರೆ? ನಡುವೆ ಫೋನು ಬಂತು, ಆ ಪೊಲೀಸನನ್ನು ಸಾವಿನ ಬಾಯಲ್ಲಿ ಹಾಗೇ ನಿಲ್ಲಿಸಿ ಮಾತಾಡಿ ಬಂದೆ. ಅಂದಿನ ರೀಲಿನ ಬಿಡುವು ಇಡೀ ಊರಿನದಾಗಿತ್ತು. ಇಂದಿನ ಬಿಡುವು ನನ್ನೊಬ್ಬನದು, ಅದರಲ್ಲಿ ಯಾವ ದನಿಯೂ ಇಲ್ಲ. ಇಂಥ ಕಥೆಯಲ್ಲಿ ಮಾರುವೇಷದವನು ಮೊದಲೇ ಒಂಟಿ. ನೋಡುವವರೂ ಒಂಟಿಯಾದರೆ ಅವನಿಗಾಗಿ ಕೂಗುವವರು ಯಾರು?

ಹಳೆಯದೆಲ್ಲ ಚಿನ್ನವಾಗಿತ್ತು ಎನ್ನಲಾರೆ. ನನ್ನ ಅಕ್ಕನಿಗೆ ಹೊಡೆದಾಟದ ಸಿನಿಮಾ ನೋಡುವ ಆಸೆ ಬೆಟ್ಟದಷ್ಟಿತ್ತು. ‘ಹೆಣ್ಮಕ್ಕಳು ನೋಡೂವಂಥದ್ದಲ್ಲ’ ಎಂದು ಅಪ್ಪ ಅವಳನ್ನು ಪುರಾಣದ ಸಿನಿಮಾಕ್ಕೆ ಮಾತ್ರ ಕಳಿಸುತ್ತಿದ್ದ. ನಾವು ಬಂದು ಹೇಳುವ ಕಥೆಯೇ ಅವಳ ಸಿನಿಮಾ. ಇಂದು ಅವಳ ಮೊಮ್ಮಗಳು ಯಾರ ಅಪ್ಪಣೆಯೂ ಇಲ್ಲದೆ ತನಗೆ ಬೇಕಾದ್ದನ್ನು ನೋಡುತ್ತಾಳೆ. ಬೀಡಿ ಹೊಗೆಯಿಲ್ಲ, ಕರೆಂಟು ಹೋಗಿ ಅರ್ಧಕ್ಕೇ ಆಟ ನಿಲ್ಲುವ ಸಂಕಟವಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಆ ಹುಡುಗಿ ಕಂಡ ಕಥೆಯನ್ನು ಅಜ್ಜಿಗೆ ಹೇಳುವುದಿಲ್ಲ, ಅಜ್ಜಿ ಕೇಳುವುದೂ ಇಲ್ಲ. ಇದು ಮಾತ್ರ ನನಗೆ ನುಂಗಲಾರದ ತುತ್ತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜಾತ್ರೆಗಳನ್ನು ನಡೆಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ತೇರು ಎಳೆದ ಮೇಲೆ ನಾಟಕಕ್ಕೆ, ಕುಸ್ತಿಗೆ ಜಾಗ ಕೊಡುತ್ತೀರಿ. ಒಂದು ರಾತ್ರಿ ಬಯಲಲ್ಲಿ ಬಿಳಿಯ ಪರದೆ ಕಟ್ಟಿಸಿ, ‘ಅಂತ’ವನ್ನು ಹಾಕಿಸಿ. ಟಾಕೀಸಿನಲ್ಲಿ ದುಡಿದು ಮೂಲೆ ಸೇರಿದ ಆಪರೇಟರ್‌ಗಳು ನಿಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ. ನಡುನಡುವೆ ದೀಪ ಹಚ್ಚಿ ಜನರಿಗೆ ಮಾತಾಡಲು ಬಿಡಿ. ಮಕ್ಕಳನ್ನು ತಪ್ಪದೆ ಕರೆತನ್ನಿ.