ಒಂದರ ಬಿಲ್ಲೆ

ನಮ್ಮ ಹಳ್ಳಿಗಳಲ್ಲಿ ಹುಲಿ-ಕುರಿ ಆಟ ಉಂಟು. ಗುಡಿ ಜಗಲಿಯ ಕಲ್ಲಿನ ಮೇಲೆ ಅದರ ಗೆರೆ ಕೊರೆದಿರುವುದನ್ನು ನೀವು ನೋಡಿರುತ್ತೀರಿ. ನಮ್ಮಪ್ಪಂದಿರಿಗೆ ಆ ಜಗಲಿ ಮೇಲೆ ಕೂರೋ ಹಂಗಿರಲಿಲ್ಲ. ಕೇರಿಯ ಹುಣಸೆ ಮರದಡಿ ಇದ್ದಿಲಲ್ಲಿ ಗೆರೆ ಎಳೆದು, ಬೀಜಗಳನ್ನು ಕುರಿ ಮಾಡಿ, ಕಲ್ಲುಗಳನ್ನು ಹುಲಿ ಮಾಡಿ ಆಡಿದರು. ಆ ಆಟದಲ್ಲಿ ಕುರಿ ಸಾಯುತ್ತೆ, ನಿಜ. ಆದರೆ ಯಾವ ಕುರಿಯ ಬೆನ್ನ ಮೇಲೂ ಇಂತಿಷ್ಟು ಬೆಲೆ ಅಂತ ಬರೆದಿರೋದಿಲ್ಲ.

ಬರೆದಿರುವ ಆಟವೂ ಉಂಟು. ಹಾಸ್ಟೆಲಿನ ಗೆಳೆಯನೊಬ್ಬ ಹಳೇ ಪುಸ್ತಕದಂಗಡಿಯಿಂದ ಒಂದು ಪೆಟ್ಟಿಗೆ ತಂದ. ಅಮೆರಿಕದ ಅವಲಾನ್ ಹಿಲ್ ಕಂಪನಿ 1964ರಲ್ಲಿ ಹೊರತಂದ 'ಆಫ್ರಿಕಾ ಕೋರ್' ಅನ್ನೋ ಯುದ್ಧದಾಟ. ಎರಡನೇ ಮಹಾಯುದ್ಧದಲ್ಲಿ, ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ರೊಮೆಲ್‌ನ ಜರ್ಮನ್ ಪಡೆಗೂ ಬ್ರಿಟಿಷರಿಗೂ ನಡೆದ ಕಾಳಗವನ್ನು ರಟ್ಟಿನ ಬಿಲ್ಲೆಗಳಲ್ಲಿ ಆಡೋದು. ನಾವು ನಾಲ್ಕು ಜನ ಬಾಡಿಗೆ ಕೋಣೆಯ ನೆಲದ ಮೇಲೆ ಅದನ್ನು ಹರವಿಕೊಂಡು ಎರಡು ರಾತ್ರಿ ಒಂದೇ ಒಂದು ಗಂಟಿನ ಹಿಂದೆ ಬಿದ್ದೆವು.

ನಿಯಮ ಇಷ್ಟು. ಹಲಗೆ ತುಂಬ ಆರು ಮೂಲೆಯ ಮನೆಗಳು. ಪ್ರತಿ ಬಿಲ್ಲೆಯ ಮೇಲೆ ಅದರ ಬಲದ ಅಂಕಿ. ಸುತ್ತಲ ಆರು ಮನೆ ಆ ಬಿಲ್ಲೆಯ ಹತೋಟಿ. ಎದುರಾಳಿಯ ಹತೋಟಿಗೆ ಕಾಲಿಟ್ಟರೆ ಅಲ್ಲೇ ನಿಲ್ಲಬೇಕು. ನಿಂತ ಮೇಲೆ, ನಮ್ಮನ್ನು ತಾಗಿಕೊಂಡಿರುವ ಎದುರಾಳಿ ಬಿಲ್ಲೆ ಒಂದನ್ನೂ ಬಿಡುವಂತಿಲ್ಲ, ಆ ಸರದಿಯಲ್ಲೇ ಎಲ್ಲದರ ಮೇಲೂ ಬೀಳಬೇಕು. ಬೀಳುವವನ ಬಲವನ್ನು ತಡೆಯುವವನ ಬಲದಿಂದ ಭಾಗಿಸಿ ದಾಳ ಉರುಳಿಸಬೇಕು. 4ರ ಮೇಲೆ 12 ಬಿದ್ದರೆ ಒಂದಕ್ಕೆ ಮೂರರ ಲೆಕ್ಕ. 11 ಬಿದ್ದರೆ ಒಂದಕ್ಕೆ ಎರಡು ಮಾತ್ರ. ಬಡ್ಡಿ ಸಾಹುಕಾರನ ಲೆಕ್ಕದ ಹಾಗೆ, ಚಿಲ್ಲರೆ ಯಾವತ್ತೂ ಕೂತವನಿಗೇ.

ಮೂರರ ಲೆಕ್ಕದಲ್ಲಿ ಬೀಳುವವನು ಪೂರಾ ಸೋತು ಅಳಿಯುವ ಮಾತಿಲ್ಲ. ಹೆಚ್ಚೆಂದರೆ ಅವರೂ ಹೋಗಿ ಅಷ್ಟೇ ಬಲದ ನಮ್ಮವರೂ ಹೋಗಬಹುದು. ಎರಡರ ಲೆಕ್ಕದಲ್ಲಿ ದಾಳ ಕೈಕೊಟ್ಟರೆ ನಾವೇ ನಿರ್ನಾಮ. ಹಾಗಾಗಿ ಆಡುವವರೆಲ್ಲ ಮೂರಕ್ಕಾಗಿ ಬಾಯಿ ಬಾಯಿ ಬಿಡುತ್ತಾರೆ.

ಈಗ ಗಂಟು. ಬಡಗಲ ಸಮುದ್ರಕ್ಕೆ ಬೆನ್ನು ಕೊಟ್ಟು ಎದುರಾಳಿಯ 4 ಕೂತಿದೆ. ಅದಕ್ಕೆ ತಾಗಿಕೊಂಡು ತೆಂಕಲಲ್ಲಿ 6. ಪಡುವಲಿಂದ ಬಂದ ನಮ್ಮ ಹತ್ತಿರ 7, 5, 1. ಸಮುದ್ರ ಇರೋದರಿಂದ 4ನ್ನು ಮುಟ್ಟಲು ಉಳಿದದ್ದು ಎರಡೇ ಮನೆ, ಅವೆರಡೂ 6ರ ಹತೋಟಿಯಲ್ಲೂ ಇವೆ. ಅಂದರೆ 4ನ್ನು ಹೊಡೆಯಲು ಹೋದವನು 6ನ್ನೂ ಹೊಡೆಯಲೇಬೇಕು. ಎಲ್ಲರೂ ಸೇರಿ ಎರಡರ ಮೇಲೂ ಬಿದ್ದರೆ 13ಕ್ಕೆ 10, ಅದು ಒಂದಕ್ಕೆ ಒಂದೇ. ಪುಸ್ತಕ ಬಲ್ಲ ಆಟಗಾರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. 7 ಮತ್ತು 5 ಕೂಡಿ 4ರ ಮೇಲೆ, ಅಚ್ಚುಕಟ್ಟಾದ ಮೂರು. ಉಳಿದ 1ನ್ನು ಒಂಟಿಯಾಗಿ ಆ 6ರ ಮುಂದೆ ನಿಲ್ಲಿಸುವುದು. ನಿಯಮ ಪಾಲಿಸಿದಂತಾಯ್ತು. ಆರಕ್ಕೆ ಒಂದರ ಆ ಸಾಲಿನಲ್ಲಿ 1ಕ್ಕೆ ಗೆಲುವೆಂಬುದೇ ಇಲ್ಲ. ಇದಕ್ಕೆ ಅವರು 'ಸೋಕ್-ಆಫ್' ಅನ್ನುತ್ತಾರೆ. ಏಟನ್ನು ಬಟ್ಟೆ ನೀರು ಹೀರಿದ ಹಾಗೆ ಹೀರಿಕೊಳ್ಳೋದು. ಬಟ್ಟೆ ಆಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ.

ಮೊದಲ ರಾತ್ರಿ ನಮ್ಮಲ್ಲೊಬ್ಬ 'ಇದೇ ಉತ್ತರ, ಮಲಗ್ರೋ' ಅಂದ. ಉಳಿದವರಿಗೆ ನಿದ್ದೆ ಬರಲಿಲ್ಲ.

ಇದು ಬರೀ ರಟ್ಟಿನ ಮಾತಲ್ಲ. 1942ರ ಜುಲೈ 1ರಂದು ಅಲ್ ಅಲಮೀನ್ ಬಳಿಯ ದೈರ್ ಅಲ್ ಶೈನ್‌ನಲ್ಲಿ 18ನೇ ಭಾರತೀಯ ಬ್ರಿಗೇಡ್ ರೊಮೆಲ್‌ನ ಟ್ಯಾಂಕುಗಳಿಗೆ ಎದುರಾಯಿತು. ಇರಾಕಿನಿಂದ ಅವಸರದಲ್ಲಿ ಕರೆಸಿದ ಪಡೆ. ಸಿಖ್ಖರು, ಗೂರ್ಖರು, ಜೊತೆಗೆ ಇಂಗ್ಲೆಂಡಿನ ಎಸೆಕ್ಸಿನವರು. ಸಂಜೆಯೊಳಗೆ ಬ್ರಿಗೇಡ್ ಮುಗಿದಿತ್ತು. ರೊಮೆಲ್‌ಗೆ ಒಂದು ದಿನ ತಡವಾಯಿತು, ಹಿಂದಿನ ಸಾಲಿನವರಿಗೆ ಒಂದು ದಿನ ಸಿಕ್ಕಿತು.

ಇನ್ನು ಬಿಲ್ಲೆಯಾಗುವ ಅವಕಾಶವನ್ನೇ ಕೊಡದ ಕತೆ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ದಂಡಿಗೆ ದಿನವಿಡೀ ಎದೆ ಕೊಟ್ಟ ಕಂಪನಿ ಪಡೆಯಲ್ಲಿ ಸತ್ತವರ ಹೆಸರು ಅಲ್ಲಿನ ಕಂಬದ ಮೇಲಿವೆ. ಅವುಗಳಲ್ಲಿ 22 ಮಹಾರರವು. ಅದೇ ಬ್ರಿಟಿಷರು 1890ರ ದಶಕದಲ್ಲಿ 'ಯೋಧ ಜಾತಿ'ಗಳ ಲೆಕ್ಕ ಹಾಕಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಬಾಬಾಸಾಹೇಬರ ತಂದೆ ರಾಮಜಿಯವರು ಸುಬೇದಾರರಾಗಿದ್ದ ಸೈನ್ಯ ಅದು. ಮೊದಲ ಮಹಾಯುದ್ಧಕ್ಕೆ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು, ಕೆಲಸ ಮುಗಿದ ಮೇಲೆ 1921ರಲ್ಲಿ ಮುರಿದರು. ಮತ್ತೆ ಯುದ್ಧ ಬಂತು, 1941ರಲ್ಲಿ ಮತ್ತೆ ಮಹಾರ್ ರೆಜಿಮೆಂಟ್ ಕಟ್ಟಿದರು. ನಮ್ಮ ಜನಕ್ಕೆ ಬೆಲೆ ಬರೋದು ಹಿಂಗೆ, ಬೆಲೆ ಬೇಕಾದಾಗ.

ಎರಡನೇ ರಾತ್ರಿ ಬೇರೆ ದಾರಿ ಕಂಡಿತು. 4ನ್ನು ಬಿಟ್ಟು 6ನ್ನು ನೋಡಿ. ಅದರ ತೆಂಕಲ ಮಗ್ಗುಲಲ್ಲಿ ಮೂರು ಮನೆ ಬಯಲು, ಅಲ್ಲಿ ನಿಂತರೆ 4ರ ಹತೋಟಿ ತಾಗಲ್ಲ. ಅಲ್ಲಿಂದ 13 ಬಿದ್ದರೆ ಎರಡರ ಲೆಕ್ಕ, ಸಾಲದು. ಇನ್ನೊಂದು 5 ಬಂದು ಕೂಡಿದರೆ 18. ಆರು ಮೂರಲಿ ಹದಿನೆಂಟು! ಆ ಲೆಕ್ಕದಲ್ಲಿ ನಮ್ಮ 1 ಕೂಡ ಎಲ್ಲರ ಜೊತೆ ನಿಂತಿದೆ. ಅದನ್ನು ತೆಗೆದರೆ 17, ಮೂರು ಮುರಿದು ಎರಡಾಗುತ್ತೆ. ಆದರೆ ಹಿಂದಿನ 5 ಬರಲು ಒಂದು ಸರದಿ ಕಾಯಬೇಕು, ಕಾದರೆ ಎದುರಾಳಿಗೂ ಒಂದು ಸರದಿ ಸಿಗುತ್ತೆ. ಅವನೂ ಜನ ತರಬಹುದು, ಜಾಗ ಬದಲಿಸಬಹುದು. ಪುಕ್ಕಟೆ ಉತ್ತರ ಅಲ್ಲ ಇದು.

ಇಷ್ಟೆಲ್ಲ ಯಾಕೆ ಬರೀತಿದ್ದೀವಿ ಅಂದರೆ, ಈ ವರ್ಷ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ಕೇರಿಯ ಸ್ಮಶಾನದ ಜಾಗವನ್ನು ಊರಿನ ದೊಡ್ಡ ಜಮೀನಿನವರು ಉತ್ತುಕೊಂಡಿದ್ದಾರೆ. ಹೋರಾಟ ಹೇಗೆ ಅಂತ ಕೇರಿಯಲ್ಲೇ ಕೂತು ಮಾತಾಡಿದೆವು. ನಮ್ಮಲ್ಲಿ ಕೆಲವರ ಸಲಹೆ: ವಿದ್ಯಾರ್ಥಿಗಳು, ಮೇಷ್ಟ್ರುಗಳು, ಸಂಘದವರು ಒಟ್ಟಾಗಿ ತಾಲ್ಲೂಕು ಕಚೇರಿಗೆ ಮೆರವಣಿಗೆ ಹೋಗಿ ಸರ್ವೆ ಮಾಡಿಸೋದು, ಅದೇ ದಿನ ಕೇರಿಯ ಆರೇಳು ಮನೆಯವರು ಕೂಲಿ ನಿಲ್ಲಿಸಿ ಆ ಜಾಗದಲ್ಲಿ ಕೂರೋದು. ಗೌಡರ ಕಡೆ ಕೂಲಿ ಇದೆ, ಬೋರ್‌ವೆಲ್ ನೀರಿದೆ, ಅಂಗಡಿ ಸಾಲದ ಪಟ್ಟಿ ಇದೆ. ಹಿರಿಯಮ್ಮ ಒಬ್ಬರು ಎಲೆಅಡಿಕೆ ಚೀಲದ ಬಾಯಿ ಕಟ್ಟುತ್ತಾ ಹೇಳಿದರು: 'ಕೂರ್ತೀವಿ ಕಣ್ರಪ್ಪಾ, ಕೂರಲ್ಲ ಅಂತಿಲ್ಲ. ನೀವು ಕಚೇರಿಯಿಂದ ಬಸ್ ಹತ್ತಿ ಊರಿಗೋಯ್ತೀರ. ಮಾರನೇ ದಿನ ನಮ್ ಒಲೆ ಹಚ್ಚೋರ್ಯಾರು?'

ಕಾದರೆ ಬೇಲಿ ಬೀಳುತ್ತೆ ಅಂತ ಹುಡುಗರು ವಾದ ಮಾಡಿದರು, ಅದೂ ಸುಳ್ಳಲ್ಲ. ಆಗಲೇ ಕಲ್ಲುಕಂಬ ತಂದು ಒಟ್ಟಿದ್ದಾರೆ. ರಾತ್ರಿ ಹನ್ನೊಂದರವರೆಗೆ ಜಗಳ ಆಡಿ ಕೊನೆಗೆ ಒಪ್ಪಿದ್ದು ಇದು: ಸುತ್ತಲ ನಾಲ್ಕು ಕೇರಿಗಳಿಂದ ಮನೆಗೆ ಒಂದು ಸೇರಿನಂತೆ ರಾಗಿ ಎತ್ತಿ, ಕೂರುವವರ ಮನೆಗೆ ಮೊದಲು ತಲುಪಿಸೋದು. ಆಮೇಲೆ ನಾಲ್ಕೂ ಕೇರಿಯವರು, ಸಂಘದವರು, ಓದಿದವರು ಒಂದೇ ದಿನ ಅದೇ ಸ್ಮಶಾನದಲ್ಲಿ ಕೂರೋದು. ತಹಸೀಲ್ದಾರರು ಅಲ್ಲಿಗೇ ಬರಲಿ.

ಇದನ್ನು ಬರೆಯುವ ಹೊತ್ತಿಗೆ ಮೂರು ಕೇರಿಯ ರಾಗಿ ಬಂದಿದೆ. ನಾಲ್ಕನೆಯವರು ಭಾನುವಾರ ಬನ್ನಿ, ಮಾತಾಡೋಣ ಅಂದಿದ್ದಾರೆ.