ಮೂರನೇ ಕಾಲಂ ನೋಡಿ

ಕೊನೆ ಕೊಯ್ಲಿನ ಗಡಿಬಿಡಿ, ಹಾಗಾಗಿ ಈ ಸಲ ಬರೆಯೋದು ತಡ ಆಯ್ತು.

ಬೆಳಗಾವಿ ಅಧಿವೇಶನದಲ್ಲಿ ನಮ್ಮ ಶಾಸಕರು ಆಸ್ಪತ್ರೆ ಬಗ್ಗೆ ಪ್ರಶ್ನೆ ಕೇಳಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಕೇಳಿದ್ದು ಒಳ್ಳೇದೇ, ಯಾವ ಪಕ್ಷ ಅಂತ ನೋಡೋದು ಬೇಡ. ಆದ್ರೆ ಸರ್ಕಾರ ಕೊಟ್ಟ ಉತ್ತರ ಯಾರಾದ್ರೂ ಓದಿದ್ರಾ?

ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಮಂತ್ರಿ ಸದನದಲ್ಲೇ ಉತ್ತರ ಹೇಳ್ಬೇಕು, ಶಾಸಕರು ಎದ್ದು ಉಪಪ್ರಶ್ನೆ ಕೇಳ್ಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಹುದ್ದೆ ಲೆಕ್ಕ ಕೇಳಿದ್ರೆ ಮಂಜೂರು, ಭರ್ತಿ, ಖಾಲಿ ಅಂತ ಕೊಡ್ತಾರೆ. ನಮಗೆ ಬೇಕಾದ್ದು ಆ ಮೂರನೇದು. ಕಟ್ಟಡಕ್ಕೆ ಎಷ್ಟು ಕೋಟಿ ಅನ್ನೋದಲ್ಲ ಮಾರಾಯ್ರೆ, ಕೊನೆಗೌಡ ಮರದಿಂದ ಬಿದ್ರೆ ಕಟ್ಟಡ ಬಂದು ಮೂಳೆ ಕೂಡಿಸ್ತದಾ?

2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿ ಕರ್ಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ರ ಪಲ್ಟಿಯಾಗಿ ನಾಲ್ಕು ಜನ ಹೋದ್ರು. ಆಗ ಇಡೀ ಉತ್ತರ ಕನ್ನಡ ದೊಡ್ಡಾಸ್ಪತ್ರೆ ಬೇಕು ಅಂತ ಕೂಗಿತ್ತು. ಕಾರವಾರದಲ್ಲಿ ಮೆಡಿಕಲ್ ಕಾಲೇಜೇ ಇದೆ. ಆದ್ರೂ ತಲೆಗೆ ಪೆಟ್ಟು ಬಿದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡೋದು ತಪ್ಪಿಲ್ಲ.

ನಮ್ಮ ತಾಲೂಕಾಸ್ಪತ್ರೇಲಿ ಮೂಳೆ ಡಾಕ್ಟರು ಇದಾರಾ, ರಾತ್ರಿ ಅರಿವಳಿಕೆ ಡಾಕ್ಟರು ಸಿಗ್ತಾರಾ, ಹಾವು ಕಚ್ಚಿದ್ರೆ ಕೊಡೋ ಇಂಜೆಕ್ಷನ್ ಎಷ್ಟಿದೆ – ಇಷ್ಟನ್ನೇ ಬರೆದು ಶಾಸಕರಿಗೆ ಕೊಡುವಾ ಅಂತಿದೀನಿ. ಸೋಮವಾರ ಸೊಸೈಟಿಗೆ ಅಡಿಕೆ ತರೋರು ಸಹಿ ಹಾಕಿ ಹೋಗಿ. ಬಿಟ್ಟಿದ್ದೇನಾದ್ರೂ ಇದ್ರೆ ಕೆಳಗೆ ಬರೀರಿ, ಸೇರಿಸ್ತೀನಿ.